ಜನಸಾಗರದ ಅಳತೆ

ಪೆಸಿಫಿಕ್ ಮಹಾಸಾಗರದ ಪಶ್ಚಿಮದ ಅಂಚಿನಲ್ಲಿ, ೭,೦೦೦ಕ್ಕೂ ಮಿಕ್ಕಿದ ದ್ವೀಪಗಳಿಂದ ಆದ ದೇಶ ಫಿಲಿಪ್ಪೀನ್ಸ್. ೨೦೨೦ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ ಸುಮಾರು ೧೦ ಕೋಟಿ ೯೦ ಲಕ್ಷ. ಅವರಲ್ಲಿ ನೂರಕ್ಕೆ ೭೯ರಷ್ಟು ಮಂದಿ ರೋಮನ್ ಕ್ಯಾಥೊಲಿಕರು. ರಾಜಧಾನಿಯಾದ ಮನಿಲದ ಕಡಲಂಚಿನಲ್ಲಿ ರಿಸಾಲ್ ಉದ್ಯಾನವೆಂಬ ವಿಶಾಲವಾದ ಬಯಲುಂಟು. ನೇತ್ರವೈದ್ಯನೂ ಕಾದಂಬರಿಕಾರನೂ ಆಗಿದ್ದ ಹೋಸೆ ರಿಸಾಲ್‌ನನ್ನು ಸ್ಪೇನಿನ ಆಳರಸರು ೧೮೯೬ರ ಡಿಸೆಂಬರ್ ೩೦ರಂದು ಗುಂಡಿಕ್ಕಿ ಕೊಂದದ್ದು ಇಲ್ಲಿಯೇ. ಈಗ ಆ ಬಯಲಿನಲ್ಲಿ ಪೋಪರ ಪೂಜೆಯೂ ನಡೆಯುತ್ತದೆ, ರಾಜಕೀಯ ಸಭೆಯೂ ನಡೆಯುತ್ತದೆ. ಯಾವುದು ನಡೆದರೂ ಮರುದಿನದ ಪತ್ರಿಕೆಗಳಲ್ಲಿ ಒಂದು ದೊಡ್ಡ ಸಂಖ್ಯೆ ಕಾಣಿಸಿಕೊಳ್ಳುತ್ತದೆ: ಇಷ್ಟು ಲಕ್ಷ ಜನ ನೆರೆದಿದ್ದರು.

ಆ ದೇಶದಲ್ಲಿ ಈ ಸಂಖ್ಯೆ ಕೇವಲ ಕುತೂಹಲದ ವಿಷಯವಲ್ಲ. ಬೀದಿಯಲ್ಲಿ ನೆರೆದ ಜನರಿಂದ ಸರಕಾರಗಳು ಉರುಳಿದ್ದುಂಟು. ಆದುದರಿಂದ ಜನಸಂದಣಿಯ ಗಾತ್ರವನ್ನು ವಾದದಂತೆ, ಕೆಲವೊಮ್ಮೆ ತೀರ್ಪಿನಂತೆ, ಮುಂದಿಡುವ ರೂಢಿ ಬೆಳೆದಿದೆ. ಭೌತವಿಜ್ಞಾನಿಗೆ ಯಾವುದೇ ಸಂಖ್ಯೆ ಎದುರಾದಾಗ ಎರಡು ಪ್ರಶ್ನೆಗಳು ಏಳುತ್ತವೆ: ಇದನ್ನು ಅಳೆದದ್ದು ಹೇಗೆ? ಇದು ಅಳೆಯುವುದಾದರೂ ಏನನ್ನು? ಈ ಎರಡು ಪ್ರಶ್ನೆಗಳನ್ನೇ ಹಿಡಿದು ನಾವು ಫಿಲಿಪ್ಪೀನ್ಸಿನ ಜನಸಾಗರವನ್ನು ಪರಿಶೀಲಿಸೋಣ.

ಬಯಲಿನಲ್ಲಿ ಎಷ್ಟು ಜನ ಹಿಡಿಸುತ್ತಾರೆ?

೧೯೬೭ರಲ್ಲಿ ಹರ್ಬರ್ಟ್ ಜೇಕಬ್ಸ್ ಎಂಬ ಅಮೆರಿಕದ ಪತ್ರಿಕೋದ್ಯಮದ ಅಧ್ಯಾಪಕರು ಜನರನ್ನು ಎಣಿಸುವ ಒಂದು ಸರಳ ಕ್ರಮವನ್ನು ಪ್ರಕಟಿಸಿದರು. ಬಯಲಿನ ಚಿತ್ರವನ್ನು ಚೌಕಗಳಾಗಿ ವಿಭಾಗಿಸಿ, ಕೆಲವು ಚೌಕಗಳಲ್ಲಿರುವ ತಲೆಗಳನ್ನು ಎಣಿಸಿ, ಅದರಿಂದ ಒಟ್ಟು ಸಂಖ್ಯೆಯನ್ನು ತೆಗೆಯುವುದೇ ಆ ಕ್ರಮ. ವಿರಳವಾದ ಗುಂಪಿನಲ್ಲಿ ಒಬ್ಬನಿಗೆ ೧೦ ಚದರ ಅಡಿ, ದಟ್ಟವಾದ ಗುಂಪಿನಲ್ಲಿ ೪.೫ ಚದರ ಅಡಿ, ಅತಿ ದಟ್ಟವಾದ ಗುಂಪಿನಲ್ಲಿ ೨.೫ ಚದರ ಅಡಿ ಸ್ಥಳ ಬೇಕೆಂದು ಅವರು ಕಂಡುಕೊಂಡರು. ಮೀಟರಿನ ಲೆಕ್ಕಕ್ಕೆ ತಂದರೆ ಒಂದು ಚದರ ಮೀಟರಿನಲ್ಲಿ ಕ್ರಮವಾಗಿ ಸುಮಾರು ಒಬ್ಬರು, ಇಬ್ಬರು ಅಥವಾ ಮೂವರು, ಮತ್ತು ನಾಲ್ವರು. ವಾಚಕರು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಮೀಟರಿನ ಚೌಕವನ್ನು ಬರೆದು ಅದರೊಳಗೆ ಒಬ್ಬೊಬ್ಬರಾಗಿ ನಿಲ್ಲುತ್ತ ಬಂದರೆ, ನಾಲ್ವರ ಬಳಿಕ ಮೈಗೆ ಮೈ ತಾಗತೊಡಗುತ್ತದೆ. ಆರೇಳು ಮಂದಿಯಾದರೆ ಕೈಯೆತ್ತುವುದೂ ಕಷ್ಟ. ಅಷ್ಟು ಸಾಂದ್ರವಾದ ಗುಂಪು ದ್ರವದಂತೆ ಹೊಯ್ದಾಡತೊಡಗುತ್ತದೆ. ಕಾಲ್ತುಳಿತದ ದುರಂತಗಳು ಸಂಭವಿಸುವುದು ಇಂಥ ಸ್ಥಿತಿಯಲ್ಲಿ.

ಈಗ ಮನಿಲಕ್ಕೆ ಬರೋಣ. ೨೦೧೫ರ ಜನವರಿ ೧೮ರಂದು ಪೋಪ್ ಫ್ರಾನ್ಸಿಸ್‌ರವರು ರಿಸಾಲ್ ಉದ್ಯಾನದಲ್ಲಿ ಪೂಜೆ ನಡೆಸಿದರು. ೬೦ ಲಕ್ಷ ಜನ ನೆರೆದಿದ್ದರೆಂದು ಅಧಿಕಾರಿಗಳು ಅಂದಾಜು ಮಾಡಿದರು. ಉದ್ಯಾನದ ವಿಸ್ತೀರ್ಣ ಸುಮಾರು ೫೮ ಹೆಕ್ಟೇರು, ಎಂದರೆ ೫ ಲಕ್ಷ ೮೦ ಸಾವಿರ ಚದರ ಮೀಟರು. ಮರ, ಕೊಳ, ಕಟ್ಟಡಗಳನ್ನು ಲೆಕ್ಕಿಸದೆ ಎಲ್ಲೆಡೆಯೂ ನಾಲ್ವರಂತೆ ನಿಲ್ಲಿಸಿದರೂ ಅಲ್ಲಿ ಹಿಡಿಸುವವರು ಸುಮಾರು ೨೩ ಲಕ್ಷ. ೬೦ ಲಕ್ಷ ಜನರನ್ನು ಉದ್ಯಾನದೊಳಗೇ ಹಿಡಿಸಬೇಕಾದರೆ ಪ್ರತಿ ಚದರ ಮೀಟರಿಗೂ ಹತ್ತು ಮಂದಿ ಬೇಕಾಗುತ್ತದೆ. ಅದು ಆಗದ ಮಾತು. ಆ ಸಂಖ್ಯೆಗೆ ಅರ್ಥ ಬರಬೇಕಾದರೆ ಸುತ್ತಲಿನ ಬೀದಿಗಳಲ್ಲಿ ನಿಂತವರನ್ನೂ ದಿನವಿಡೀ ಬಂದು ಹೋದವರನ್ನೂ ಸೇರಿಸಿಕೊಳ್ಳಬೇಕು. ಭಕ್ತರ ಭಕ್ತಿಗೆ ಇದರಿಂದ ಯಾವ ಕುಂದೂ ಇಲ್ಲ. ೨೦ ಲಕ್ಷ ಜನರು ಮಳೆಯಲ್ಲಿ ನಿಂತು ಪ್ರಾರ್ಥಿಸಿದ್ದರೆ ಅದೇ ಒಂದು ಅದ್ಭುತ. ಉತ್ಪ್ರೇಕ್ಷೆಯ ನೆರವು ಅದಕ್ಕೆ ಬೇಕಿಲ್ಲ.

ನಿಂತ ನೀರೂ ಹರಿಯುವ ನೀರೂ ಬೇರೆ ಬೇರೆ ಎಂಬುದನ್ನು ಇಲ್ಲಿ ನೆನಪಿನಲ್ಲಿಡಬೇಕು. ಕೆರೆಯ ನೀರನ್ನು ಘನ ಮೀಟರಿನಲ್ಲಿ ಅಳೆದರೆ, ನದಿಯ ನೀರನ್ನು ಸೆಕೆಂಡಿಗೆ ಇಷ್ಟು ಘನ ಮೀಟರೆಂದು ಅಳೆಯುತ್ತೇವೆ. ಪ್ರತಿವರ್ಷ ಜನವರಿ ೯ರಂದು ಕಪ್ಪು ನಜರೇನನ ವಿಗ್ರಹವನ್ನು ಇದೇ ಉದ್ಯಾನದ ಬಳಿಯಿಂದ ಕಿಯಾಪೊ ಇಗರ್ಜಿಗೆ ಮೆರವಣಿಗೆಯಲ್ಲಿ ಒಯ್ಯುತ್ತಾರೆ. ಅದು ಕೆರೆಯಲ್ಲ, ನದಿ. ಬೆಳಗ್ಗೆ ಬಂದವನು ಹೋಗುತ್ತಾನೆ, ಸಂಜೆ ಮತ್ತೊಬ್ಬನು ಬರುತ್ತಾನೆ. ಒಬ್ಬನೇ ಎರಡು ಕಡೆ ಎಣಿಕೆಗೆ ಸಿಕ್ಕಬಹುದು. ಇಂಥ ದಿನದ ಒಟ್ಟು ಮೊತ್ತವನ್ನು ಒಂದು ಗಳಿಗೆಯ ಸಭೆಯೊಂದಿಗೆ ಹೋಲಿಸುವುದೆಂದರೆ ನದಿಯನ್ನು ಕೆರೆಯೊಂದಿಗೆ ಹೋಲಿಸಿದಂತೆಯೇ ಸರಿ.

ಸಭೆಯ ಜನವೂ ಮತದ ಜನವೂ

ಸಂಖ್ಯೆ ಸರಿಯಾಗಿಯೇ ಇದೆಯೆಂದು ಇಟ್ಟುಕೊಳ್ಳೋಣ. ಅದು ಏನನ್ನು ಹೇಳುತ್ತದೆ?

೨೦೨೨ರ ರಾಷ್ಟ್ರಾಧ್ಯಕ್ಷರ ಚುನಾವಣೆಯಲ್ಲಿ ಲೆನಿ ರೊಬ್ರೆಡೊ ಅವರ ಸಭೆಗಳು ಇಡೀ ದೇಶದ ಗಮನವನ್ನು ಸೆಳೆದವು. ಏಪ್ರಿಲ್ ೨೩ರಂದು ಪಾಸಾಯ್ ನಗರದಲ್ಲಿ ಸೇರಿದವರು ೪ ಲಕ್ಷಕ್ಕೂ ಹೆಚ್ಚೆಂದು ಹೇಳಲಾಯಿತು. ಗುಲಾಬಿ ಬಣ್ಣದ ಉಡುಪು ತೊಟ್ಟ ಆ ಜನಸ್ತೋಮವನ್ನು ಕಂಡವರಲ್ಲಿ ಅನೇಕರು ಗೆಲುವು ಇವರದೇ ಎಂದು ನಂಬಿದರು. ಮೇ ೯ರಂದು ಮತದಾನವಾಯಿತು. ಫರ್ಡಿನಂಡ್ ಮಾರ್ಕೊಸ್ ಕಿರಿಯರಿಗೆ ೩ ಕೋಟಿ ೧೬ ಲಕ್ಷ ಮತಗಳು ಬಂದವು. ರೊಬ್ರೆಡೊ ಅವರಿಗೆ ೧ ಕೋಟಿ ೫೦ ಲಕ್ಷ. ಆ ಮಹಾಸಭೆಯ ೪ ಲಕ್ಷ ಜನರು ಅವರಿಗೇ ಬಂದ ಮತಗಳಲ್ಲಿ ನೂರಕ್ಕೆ ಮೂರು ಪಾಲೂ ಆಗುವುದಿಲ್ಲ.

ಇದಕ್ಕೆ ಪ್ರತಿಯಾಗಿ, ಪಲ್ಸ್ ಏಷ್ಯಾ ಎಂಬ ಸಂಸ್ಥೆ ಅದೇ ಏಪ್ರಿಲ್ ೧೬ರಿಂದ ೨೧ರವರೆಗೆ ದೇಶದಾದ್ಯಂತ ಆಯ್ದ ೨,೪೦೦ ಮಂದಿಯನ್ನು ಮಾತ್ರ ಕೇಳಿತ್ತು. ಮಾರ್ಕೊಸರಿಗೆ ನೂರಕ್ಕೆ ೫೬, ರೊಬ್ರೆಡೊ ಅವರಿಗೆ ೨೩ ಎಂದು ಉತ್ತರ ಬಂದಿತು. ಚುನಾವಣೆಯಲ್ಲಿ ದೊರೆತದ್ದು ಸುಮಾರು ೫೯ ಮತ್ತು ೨೮. ಸಮೀಕ್ಷೆ ದೋಷರಹಿತವೇನಲ್ಲ, ಎರಡನೆಯ ಅಂಕಿಯಲ್ಲಿ ಐದರ ಅಂತರವಿದೆ. ಆದರೂ ಲಕ್ಷಗಟ್ಟಲೆ ಜನರ ಸಭೆ ಹೇಳಲಾರದ ಮಾತನ್ನು ೨,೪೦೦ ಮಂದಿ ಹೇಳಿದರು. ಇದು ಹೇಗೆ ಸಾಧ್ಯ?

ಅನ್ನ ಬೆಂದಿದೆಯೆ ಎಂದು ತಿಳಿಯಲು ಗೃಹಿಣಿ ಒಂದು ಅಗುಳನ್ನು ಹಿಸುಕಿ ನೋಡುತ್ತಾಳೆ. ಆದರೆ ಅದಕ್ಕೆ ಮೊದಲು ಸೌಟಿನಿಂದ ಪಾತ್ರೆಯನ್ನು ಒಮ್ಮೆ ತಿರುವಿರುತ್ತಾಳೆ. ತಿರುವದೆ ತಳದಿಂದಲೇ ತೆಗೆದ ನೂರು ಅಗುಳುಗಳು ಮೇಲಿನ ಅಕ್ಕಿಯ ಸಂಗತಿಯನ್ನು ತಿಳಿಸಲಾರವು. ಸಭೆಗೆ ಬರುವವರು ಉತ್ಸಾಹಿಗಳು, ಸಮೀಪದಲ್ಲಿರುವವರು, ಬಿಡುವುಳ್ಳವರು. ಅವರು ತಳದ ಅಗುಳುಗಳು. ಮನೆಯಲ್ಲಿಯೇ ಉಳಿದು ಮತದಾನದ ದಿನ ಮಾತ್ರ ಹೊರಡುವ ಕೋಟ್ಯಂತರ ಜನರು ಆ ಚಿತ್ರದಲ್ಲಿ ಇಲ್ಲವೇ ಇಲ್ಲ. ಯಾರನ್ನು ಬೇಕಾದರೂ ಸಮಾನ ಸಂಭವದಿಂದ ಆರಿಸಿಕೊಂಡ ಮಾದರಿಯಲ್ಲಿಯಾದರೋ ದೋಷದ ಮಿತಿ ಸ್ಥೂಲವಾಗಿ, ಒಂದನ್ನು ಮಾದರಿಯ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದಷ್ಟು. ೨,೪೦೦ರ ವರ್ಗಮೂಲ ಸುಮಾರು ೪೯. ದೋಷದ ಮಿತಿ ನೂರಕ್ಕೆ ಎರಡು. ಮಾದರಿಯ ಬೆಲೆ ಅದರ ಗಾತ್ರಕ್ಕಿಂತ ಹೆಚ್ಚಾಗಿ ಅದನ್ನು ಆರಿಸಿದ ಕ್ರಮದಲ್ಲಿದೆ.

ಒಂದೇ ದಿಕ್ಕಿಗೆ ತಿರುಗಿದ ಕಾಂತಗಳು

ಹಾಗಾದರೆ ಒಗ್ಗಟ್ಟಾಗಿ ನಿಂತ ಅನುಯಾಯಿಗಳ ಗುಂಪಿಗೆ ಬಲವೇ ಇಲ್ಲವೆ? ಇದೆ. ಅದರ ಸ್ವರೂಪವನ್ನು ತಿಳಿಯಬೇಕು.

ಫೆಲಿಕ್ಸ್ ಮನಾಲೊ ಎಂಬವರು ೧೯೧೪ರಲ್ಲಿ ಮನಿಲದಲ್ಲಿ ಇಗ್ಲೇಸಿಯ ನಿ ಕ್ರಿಸ್ತೊ ಎಂಬ ಕ್ರೈಸ್ತ ಪಂಥವನ್ನು ಸ್ಥಾಪಿಸಿದರು. ಐಕ್ಯವೇ ಧರ್ಮವೆಂಬ ಬೋಧನೆಯಂತೆ ಅದರ ಸದಸ್ಯರು ಚುನಾವಣೆಯಲ್ಲಿ ತಮ್ಮ ಮುಖಂಡರು ಸೂಚಿಸಿದ ಅಭ್ಯರ್ಥಿಗಳಿಗೇ ಮತ ನೀಡುವುದು ವಾಡಿಕೆ. ೨೦೨೦ರ ಜನಗಣತಿಯಲ್ಲಿ ಈ ಪಂಥದವರು ೨೮ ಲಕ್ಷ, ಎಂದರೆ ನೂರಕ್ಕೆ ಮೂವರಿಗೂ ಕಡಿಮೆ. ಆದರೂ ಎಲ್ಲ ಪಕ್ಷಗಳ ನಾಯಕರೂ ಅವರ ಬೆಂಬಲವನ್ನು ಬಯಸುತ್ತಾರೆ.

ಒಂದು ಕಬ್ಬಿಣದ ತುಂಡಿನಲ್ಲಿ ಅಸಂಖ್ಯಾತ ಸೂಕ್ಷ್ಮ ಕಾಂತಗಳಿವೆ. ಅವು ಮನಬಂದ ದಿಕ್ಕುಗಳಿಗೆ ತಿರುಗಿದ್ದರೆ ಒಂದರ ಬಲವನ್ನು ಇನ್ನೊಂದು ಅಳಿಸಿಹಾಕುತ್ತದೆ. ಕೆಲವೇ ಭಾಗ ಒಂದೇ ದಿಕ್ಕಿಗೆ ತಿರುಗಿದರೂ ತುಂಡು ಸೂಜಿಯನ್ನು ಸೆಳೆಯತೊಡಗುತ್ತದೆ. ಇದೇ ಬಗೆಯ ಲೆಕ್ಕವನ್ನು ಲಯನೆಲ್ ಪೆನ್‌ರೋಸ್ ಎಂಬ ವಿಜ್ಞಾನಿ ೧೯೪೬ರಲ್ಲಿ ಮತದಾನಕ್ಕೆ ಅನ್ವಯಿಸಿದರು. ಒಂದು ಲಕ್ಷ ಮಂದಿ ನಾಣ್ಯ ಚಿಮ್ಮಿ ಮತ ಹಾಕಿದರೆ ಎರಡು ಪಕ್ಷಗಳ ನಡುವಣ ಅಂತರ ಸಾಮಾನ್ಯವಾಗಿ ಲಕ್ಷದ ವರ್ಗಮೂಲದಷ್ಟು, ಎಂದರೆ ಸುಮಾರು ೩೧೬. ಅವರೊಡನೆ ೩೧೬ ಮಂದಿ ಒಂದೇ ಪಕ್ಷಕ್ಕೆ ಮತ ಹಾಕಿದರೆ ಆ ಪಕ್ಷ ನೂರರಲ್ಲಿ ೮೪ ಸಲ ಗೆಲ್ಲುತ್ತದೆ. ಸಣ್ಣ ಗುಂಪಿನ ದೊಡ್ಡ ಬಲದ ರಹಸ್ಯ ಇದು.

ಆದರೆ ಜನರು ನಾಣ್ಯ ಚಿಮ್ಮಿ ಮತ ಹಾಕುವುದಿಲ್ಲ. ಉಳಿದವರೂ ಒಂದು ದಿಕ್ಕಿಗೆ ತಿರುಗಿದ್ದರೆ ಸಣ್ಣ ಗುಂಪಿನ ಬಲ ಅದರಲ್ಲಿ ಮುಳುಗಿಹೋಗುತ್ತದೆ. ೨೦೨೨ರಲ್ಲಿ ಈ ಪಂಥ ಬೆಂಬಲಿಸಿದ ಮಾರ್ಕೊಸರು ಗೆದ್ದರು. ಗೆಲುವಿನ ಅಂತರ ೧ ಕೋಟಿ ೬೬ ಲಕ್ಷ, ಪಂಥದ ಎಲ್ಲ ಸದಸ್ಯರ ಸುಮಾರು ಆರರಷ್ಟು. ೨೦೧೬ರಲ್ಲಿ ಉಪಾಧ್ಯಕ್ಷ ಸ್ಥಾನಕ್ಕೂ ಪಂಥ ಅವರನ್ನೇ ಬೆಂಬಲಿಸಿತ್ತು. ಆಗ ರೊಬ್ರೆಡೊ ಅವರು ೨,೬೩,೪೭೩ ಮತಗಳಿಂದ ಗೆದ್ದರು. ಅಂತರ ಅಷ್ಟು ಕಿರಿದಾಗಿದ್ದರೂ ಬೆಂಬಲವು ಗೆಲುವನ್ನು ತರಲಿಲ್ಲ. ಗೆಲ್ಲುವ ಲಕ್ಷಣವುಳ್ಳವನನ್ನು ಬೆಂಬಲಿಸಿ, ಅವನು ಗೆದ್ದ ಮೇಲೆ ಬೆಂಬಲದಿಂದಲೇ ಗೆದ್ದನೆಂದು ಹೇಳಿದರೆ, ಕೋಳಿ ಕೂಗಿದ್ದರಿಂದಲೇ ಬೆಳಗಾಯಿತೆಂಬ ತರ್ಕವಾಗುತ್ತದೆ.

ಒಂದು ಸಂಖ್ಯೆಯನ್ನು ಇನ್ನೊಂದರಿಂದ ಪರೀಕ್ಷಿಸುವುದು ವಿಜ್ಞಾನದ ಹಳೆಯ ಪದ್ಧತಿ. ೨೦೨೫ರ ಜನವರಿ ೧೩ರಂದು ಇದೇ ಪಂಥ ಮನಿಲದಲ್ಲಿ ಶಾಂತಿಗಾಗಿ ಸಭೆ ನಡೆಸಿತು. ಉಪಾಧ್ಯಕ್ಷೆ ಸಾರಾ ದುತೆರ್ತೆ ಅವರ ಮೇಲೆ ಮಹಾಭಿಯೋಗ ಬೇಡವೆಂಬ ರಾಷ್ಟ್ರಾಧ್ಯಕ್ಷರ ನಿಲುವಿಗೆ ಅದು ಬೆಂಬಲ. ಜನ ೧೫ ಲಕ್ಷವನ್ನು ಮೀರಿದ್ದರೆಂದು ಅಧಿಕಾರಿಗಳ ಅಂದಾಜು. ಜನಗಣತಿಯ ೨೮ ಲಕ್ಷವನ್ನು ಪಕ್ಕದಲ್ಲಿಟ್ಟು ನೋಡಿದರೆ, ಹಸುಳೆಗಳೂ ವೃದ್ಧರೂ ಸೇರಿ ದೇಶದ ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಒಂದೇ ನಗರದಲ್ಲಿದ್ದಂತಾಯಿತು. ಅದೇ ದಿನ ಬೇರೆ ಊರುಗಳಲ್ಲಿಯೂ ಸಭೆಗಳಿದ್ದವು. ಹೊರಗಿನವರೂ ಬಂದಿರಬಹುದು, ಸಭೆಯ ಅಂದಾಜು ಹಿಗ್ಗಿರಬಹುದು, ಇಲ್ಲವೆ ಗಣತಿಯ ಅಂಕಿ ಕುಗ್ಗಿರಬಹುದು. ಯಾವುದೆಂದು ಕೇಳುವುದು ಧರ್ಮದ್ರೋಹವಲ್ಲ. ಸಭೆ ನಡೆದ ನಾಲ್ಕು ವಾರಗಳೊಳಗೆ, ಫೆಬ್ರವರಿ ೫ರಂದು, ಕೆಳಮನೆಯು ಮಹಾಭಿಯೋಗವನ್ನು ಅಂಗೀಕರಿಸಿತು ಎಂಬುದೂ ಗಮನಾರ್ಹ.

ಎಣಿಕೆ ಕೆಟ್ಟಾಗ

ಇಷ್ಟರಿಂದ ಜನಸಮೂಹಕ್ಕೆ ಅರ್ಥವೇ ಇಲ್ಲವೆಂದು ತೀರ್ಮಾನಿಸಿದರೆ ಅದೂ ಅವಿವೇಕ. ೧೯೮೬ರ ಫೆಬ್ರವರಿ ೨೨ರಿಂದ ೨೫ರವರೆಗೆ ಮನಿಲದ ಎಡ್ಸಾ ಹೆದ್ದಾರಿಯಲ್ಲಿ ಲಕ್ಷಾಂತರ ಜನರು ಟ್ಯಾಂಕುಗಳ ಮುಂದೆ ಜಪಮಾಲೆ ಹಿಡಿದು ನಿಂತರು. ಅವರನ್ನು ಬಾನುಲಿಯ ಮೂಲಕ ಕರೆದವರು ಕಾರ್ಡಿನಲ್ ಹೈಮೆ ಸಿನ್. ಇಪ್ಪತ್ತು ವರ್ಷ ಆಳಿದ ಹಿರಿಯ ಮಾರ್ಕೊಸ್ ದೇಶ ಬಿಟ್ಟು ಓಡಿದನು. ಆದರೆ ಈ ಕಥೆಗೆ ಒಂದು ಪೂರ್ವಭಾಗವಿದೆ. ಫೆಬ್ರವರಿ ೭ರಂದು ಚುನಾವಣೆ ನಡೆದಿತ್ತು. ೯ರ ರಾತ್ರಿ, ಅಧಿಕೃತ ಎಣಿಕೆಯ ಕೇಂದ್ರದಲ್ಲಿ ಕೆಲಸಮಾಡುತ್ತಿದ್ದ ಸುಮಾರು ೩೦ ಮಂದಿ ಗಣಕಯಂತ್ರ ತಂತ್ರಜ್ಞರು ತಮ್ಮ ಯಂತ್ರ ಕೊಟ್ಟ ಅಂಕಿಗಳೂ ಫಲಕದ ಮೇಲೆ ತೋರಿಸುತ್ತಿದ್ದ ಅಂಕಿಗಳೂ ಒಂದೇ ಅಲ್ಲವೆಂಬುದನ್ನು ಕಂಡು ಎದ್ದು ಹೊರನಡೆದರು. ಅವರು ಆಶ್ರಯ ಪಡೆದದ್ದು ಬಕ್ಲಾರನ್ ಇಗರ್ಜಿಯಲ್ಲಿ. ಭಕ್ತಿಯೂ ವಿಮರ್ಶೆಯೂ ಒಂದೇ ಸೂರಿನಡಿ ನಿಂತ ರಾತ್ರಿ ಅದು. ಎಣಿಕೆಯ ಯಂತ್ರವೇ ಸುಳ್ಳಾದಾಗ ಬೀದಿಯ ಜನರಿಗೆ ಅಷ್ಟು ಬೆಲೆ ಬಂದಿತು.

೨೦೦೧ರ ಜನವರಿಯಲ್ಲಿ ಅದೇ ಹೆದ್ದಾರಿಯಲ್ಲಿ ನೆರೆದ ಜನರಿಂದ ರಾಷ್ಟ್ರಾಧ್ಯಕ್ಷ ಎಸ್ತ್ರಾದ ಅಧಿಕಾರ ಕಳೆದುಕೊಂಡರು. ಏಪ್ರಿಲ್ ಕೊನೆಯಲ್ಲಿ ಅವರ ಬೆಂಬಲಿಗರು, ಹೆಚ್ಚಾಗಿ ಬಡವರು, ಅಲ್ಲಿಯೇ ನೆರೆದರು. ಮೇ ೧ರಂದು ಅರಮನೆಯ ಬಳಿ ಘರ್ಷಣೆಯಾಗಿ ಪ್ರಾಣಹಾನಿಯಾಯಿತು. ಮೊದಲನೆಯವರನ್ನು ‘ಪ್ರಜೆಗಳು’ ಎಂದು ಹೊಗಳಿದವರಲ್ಲಿ ಹಲವರು ಎರಡನೆಯವರನ್ನು ‘ದೊಂಬಿ’ ಎಂದು ತೆಗಳಿದರು. ನಮಗೆ ಮೆಚ್ಚಿಗೆಯಾದ ಗುಂಪನ್ನು ಒಂದು ಮಾನದಿಂದಲೂ ಮೆಚ್ಚದ ಗುಂಪನ್ನು ಇನ್ನೊಂದರಿಂದಲೂ ಅಳೆದರೆ ಅದು ಅಳತೆಯೇ ಅಲ್ಲ. ಬೆಲೆಯಿರುವುದು ಮುಯ್ಯಿ ನೋಡದ ತಕ್ಕಡಿಗೆ ಮಾತ್ರ.

ಯಾವ ಜನಸಾಗರವೇ ಎದುರಾಗಲಿ, ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ವಿಸ್ತೀರ್ಣವೆಷ್ಟು, ಸಾಂದ್ರತೆಯೆಷ್ಟು? ಎಣಿಸಿದ್ದು ಒಂದು ಗಳಿಗೆಯ ಜನರನ್ನೋ ದಿನವಿಡೀ ಹರಿದವರನ್ನೋ? ಬಂದವರು ಬಾರದವರನ್ನು ಹೋಲುತ್ತಾರೆಯೆ? ಎದುರು ಪಕ್ಷದ ಗುಂಪಿಗೂ ಇದೇ ಮಾನವನ್ನು ಹಿಡಿಯಲು ನಾವು ಸಿದ್ಧರಿದ್ದೇವೆಯೆ? ಈ ಪ್ರಶ್ನೆಗಳಿಗೆ ದೂರದರ್ಶಕವೂ ಬೇಡ, ಪ್ರಯೋಗಶಾಲೆಯೂ ಬೇಡ. ಒಂದು ನಕ್ಷೆ, ಒಂದಿಷ್ಟು ಗುಣಾಕಾರ, ಸ್ವಲ್ಪ ನಿಷ್ಪಕ್ಷಪಾತ ಸಾಕು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಕಣ್ಣೆದುರಿಗೆ ಲಕ್ಷ ಜನ ನಿಂತಿರುವಾಗ ಆ ಮಾತನ್ನು ಪಾಲಿಸುವುದು ಕಷ್ಟ; ಅದರ ಅಗತ್ಯ ಅತ್ಯಧಿಕವಾಗಿರುವುದೂ ಆಗಲೇ.