ಆಟದ ಗಣಕಯಂತ್ರವೂ ತೆರೆಮರೆಯ ಸೇವೆಗಳೂ

ಗಣಕಯಂತ್ರದಲ್ಲಿ ಆಟವಾಡುವ ವಿದ್ಯಾರ್ಥಿಗಳಿಗೆ ಒಂದು ಅನುಭವ ಪರಿಚಿತವಾಗಿರಬೇಕು. ಪಂದ್ಯದ ಕಾರು ಸರಾಗವಾಗಿ ಓಡುತ್ತಿರುವಾಗ ಪರದೆ ಇದ್ದಕ್ಕಿದ್ದಂತೆ ತಡವರಿಸುತ್ತದೆ. ಮರುಕ್ಷಣ ನೋಡಿದರೆ ಕಾರು ಗೋಡೆಗೆ ಬಡಿದಿರುತ್ತದೆ. ಯಂತ್ರದಲ್ಲಿ ತೆರೆಮರೆಯಲ್ಲಿ ನಡೆಯುವ 'ಸರ್ವಿಸ್'ಗಳೇ ಇದಕ್ಕೆ ಕಾರಣವೆಂದೂ ಅವನ್ನೆಲ್ಲ ನಿಲ್ಲಿಸಿಬಿಡಬೇಕೆಂದೂ ಗೆಳೆಯರು ಸಲಹೆ ಕೊಡುತ್ತಾರೆ. ಈ ಸಲಹೆಯಲ್ಲಿ ಸತ್ಯಾಂಶವೆಷ್ಟೆಂಬುದನ್ನು ಪರಿಶೀಲಿಸೋಣ.

ಸೇವೆಯೆಂದರೇನು? ವಿಂಡೋಸ್ ವ್ಯವಸ್ಥೆಯಲ್ಲಿ ಪರದೆಯ ಮೇಲೆ ಮುಖ ತೋರದೆ, ನಮ್ಮ ಅಪ್ಪಣೆಗೂ ಕಾಯದೆ ಕೆಲಸಕ್ಕೆ ನಿಲ್ಲುವ ಕ್ರಮವಿಧಿಯೇ ಸೇವೆ. ಮುದ್ರಣಕ್ಕೆ ಬಂದ ಕಡತಗಳನ್ನು ಸಾಲಿನಲ್ಲಿ ನಿಲ್ಲಿಸುವುದು 'ಪ್ರಿಂಟ್ ಸ್ಪೂಲರ್'. ಹುಡುಕಾಟಕ್ಕೆ ಅನುಕೂಲವಾಗುವಂತೆ ಸೂಚಿಯನ್ನು ಸಿದ್ಧಪಡಿಸುವುದು 'ವಿಂಡೋಸ್ ಸರ್ಚ್'. ಇಂತಹವು ಒಂದು ಯಂತ್ರದಲ್ಲಿ ನೂರಕ್ಕೂ ಮೀರಿ ಇರುವುದುಂಟು.

ಇನ್ನು ಆಟದ ಕಡೆಯ ಲೆಕ್ಕ. ಸೆಕೆಂಡಿಗೆ 60 ಚಿತ್ರಗಳು ಮೂಡಬೇಕಾದರೆ ಒಂದು ಚಿತ್ರಕ್ಕೆ ದೊರೆಯುವ ಕಾಲ ಸುಮಾರು 16.7 ಮಿಲಿಸೆಕೆಂಡು, 144 ಚಿತ್ರಗಳಾದರೆ 6.9 ಮಾತ್ರ. ಒಂದು ಸೆಕೆಂಡಿನಲ್ಲಿ 59 ಚಿತ್ರಗಳು ತಲಾ 16 ಮಿಲಿಸೆಕೆಂಡಿನಲ್ಲಿ ಮೂಡಿ, ಉಳಿದ ಒಂದು 56 ಮಿಲಿಸೆಕೆಂಡು ತೆಗೆದುಕೊಂಡಿತೆನ್ನಿ. ಮೊತ್ತ ಸರಿಯಾಗಿ 1000. ಸರಾಸರಿ 60 ಚಿತ್ರಗಳೆಂದೇ ಯಂತ್ರ ತೋರಿಸುತ್ತದೆ, ಆದರೆ ಕಣ್ಣು ಮೋಸಹೋಗುವುದಿಲ್ಲ. ತಡವರಿಕೆ ಇರುವುದು ಆ ಒಂದು ಚಿತ್ರದಲ್ಲಿ. ಸರಾಸರಿಯನ್ನಷ್ಟೇ ನೋಡುವವರು ಈ ದೋಷವನ್ನು ಎಂದೂ ಕಾಣಲಾರರು.

ಆ ಹೆಚ್ಚಿನ 40 ಮಿಲಿಸೆಕೆಂಡನ್ನು ಕಸಿದವರಾರು? ಛತ್ರದ ಮೂಲೆಯಲ್ಲಿ ಮಲಗಿದವನಿಂದ ಊಟದ ಎಲೆಗೆ ಖರ್ಚಿಲ್ಲ. ಎದ್ದು ಪಂಕ್ತಿಗೆ ಬಂದವನಿಂದ ಖರ್ಚು. ಬಹುಪಾಲು ಸೇವೆಗಳು ಹೀಗೆ ಮಲಗಿದವು. ಅವು ಎಚ್ಚರಗೊಳ್ಳುವವರೆಗೆ ಸಂಸ್ಕಾರಕದ ಕಾಲವನ್ನು ಬಳಸುವುದಿಲ್ಲ. ಎದ್ದರೂ ಇಂದಿನ ಸಂಸ್ಕಾರಕಗಳಲ್ಲಿ ಆರೋ ಎಂಟೋ ತಿರುಳುಗಳಿರುವುದರಿಂದ ಬಿಡುವಾಗಿರುವ ಒಂದು ಸಿಕ್ಕೀತು. ನಿಜವಾದ ತೊಂದರೆ ಬರುವುದು ಸ್ಮೃತಿ ತುಂಬಿಹೋದಾಗ. ಆಗ ವ್ಯವಸ್ಥೆಯು ಕೆಲವು ಮಾಹಿತಿಯನ್ನು ಡಿಸ್ಕಿಗೆ ಸಾಗಿಸಿ, ಬೇಕಾದಾಗ ಮರಳಿ ತರುತ್ತದೆ. ಸ್ಮೃತಿಯಿಂದ ತರಲು ಸುಮಾರು 100 ನ್ಯಾನೊಸೆಕೆಂಡು ಸಾಕು. ತಿರುಗುವ ಹಾರ್ಡ್ ಡಿಸ್ಕಿನಿಂದಾದರೆ ಸುಮಾರು 10 ಮಿಲಿಸೆಕೆಂಡು, ಅಂದರೆ ಲಕ್ಷ ಪಾಲು ಹೆಚ್ಚು! ನಾಲ್ಕು ಬಾರಿ ಹೀಗೆ ಓಡಾಡಿದರೆ ನಮ್ಮ 40 ಮಿಲಿಸೆಕೆಂಡು ಕಳೆದಂತೆಯೇ. ಲ್ಯಾಪ್‌ಟಾಪಿನಲ್ಲಿ ಇನ್ನೊಂದು ತೊಡಕುಂಟು. ಹಿನ್ನೆಲೆಯ ಕೆಲಸದಿಂದಲೂ ಶಾಖ ಹುಟ್ಟುತ್ತದೆ. ಶಾಖ ಮಿತಿಮೀರಿದರೆ ಸಂಸ್ಕಾರಕವು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ.

ಕಳೆದ ವರ್ಷ ನನ್ನ ವಿದ್ಯಾರ್ಥಿಯೊಬ್ಬ ಎಲ್ಲಿಂದಲೋ ಪಟ್ಟಿಯೊಂದನ್ನು ತಂದು ಮೂವತ್ತಕ್ಕೂ ಹೆಚ್ಚು ಸೇವೆಗಳನ್ನು ಒಂದೇ ಸಂಜೆ ನಿಲ್ಲಿಸಿದ. ತಡವರಿಕೆ ಹೋಗಲಿಲ್ಲ. ಪ್ರಯೋಗದ ವರದಿಯನ್ನು ಕಳುಹಿಸಬೇಕಾಗಿದ್ದ ರಾತ್ರಿ ವೈಫೈ ಮಾತ್ರ ಹೋಯಿತು. "ಹೆಸರು ನೋಡಿ ಬೇಡವೆನಿಸಿತು ಸಾರ್, ತೆಗೆದುಬಿಟ್ಟೆ" ಎಂದ. ಅವನು ತೆಗೆದದ್ದು 'ಡಬ್ಲ್ಯುಲ್ಯಾನ್ ಆಟೋಕಾನ್ಫಿಗ್', ಅಂದರೆ ವೈಫೈ ಸಂಪರ್ಕವನ್ನು ನಡೆಸುವ ಸೇವೆಯನ್ನೇ. ಯಾವುದು ಮೊದಲು ಹೇಗಿತ್ತೆಂದು ಬರೆದಿಟ್ಟಿರಲೂ ಇಲ್ಲ. ಭೌತಶಾಸ್ತ್ರದ ವಿದ್ಯಾರ್ಥಿ ಟಿಪ್ಪಣಿ ಪುಸ್ತಕವಿಲ್ಲದೆ ಪ್ರಯೋಗಕ್ಕಿಳಿದುದೇ ನನಗೆ ಹೆಚ್ಚು ಬೇಸರ ತಂದಿತು.

ಕೆಲವನ್ನಂತೂ ಮುಟ್ಟಲೇ ಬಾರದು. ಸುರಕ್ಷತೆಯ ನವೀಕರಣವನ್ನು ತರುವ 'ವಿಂಡೋಸ್ ಅಪ್‌ಡೇಟ್' ಅವುಗಳಲ್ಲೊಂದು. 2017ರ ಮೇ ತಿಂಗಳಲ್ಲಿ 'ವಾನಕ್ರೈ' ಎಂಬ ಪಿಡುಗು ಹಬ್ಬಿತಷ್ಟೆ. ಅದು ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚಿಯಲ್ಲೇ ಪರಿಹಾರವನ್ನು ಒದಗಿಸಿತ್ತು. ಅದನ್ನು ಹಾಕಿಕೊಳ್ಳದ ಯಂತ್ರಗಳು ಬಲಿಯಾದುವು. ನವೀಕರಣವನ್ನು ಆಟಕ್ಕೆ ಮೊದಲೇ ಮುಗಿಸಿಕೊಳ್ಳುವುದು ಲೇಸು. ಮುದ್ರಕವಿಲ್ಲದ ಮನೆಯಲ್ಲಿ 'ಪ್ರಿಂಟ್ ಸ್ಪೂಲರ್' ನಿಲ್ಲಿಸಬಹುದು. ವೇಗ ಹೆಚ್ಚದು, ಆದರೆ ಬೇರೊಂದು ಲಾಭವಿದೆ: 2021ರಲ್ಲಿ ಅದರಲ್ಲಿ ಗಂಭೀರ ದೋಷ ಹೊರಬಿದ್ದಾಗ, ಅದನ್ನು ನಿಲ್ಲಿಸುವುದು ಒಂದು ಉಪಾಯವೆಂದು ಮೈಕ್ರೋಸಾಫ್ಟೇ ಸೂಚಿಸಿತ್ತು.

ಹಾಗಾದರೆ ಆ ಹುಡುಗನ ಯಂತ್ರದಲ್ಲಿ ತಪ್ಪಿತಸ್ಥ ಯಾರು? ಎಲ್ಲ ಸೇವೆಗಳನ್ನೂ ಮೊದಲಿನಂತೆ ಮಾಡಿ, ಆಟದ ಒಂದೇ ದೃಶ್ಯವನ್ನು ಮೂರು ಸಲ ಆಡಿಸಿದೆ. ತಡವರಿಸಿದೊಡನೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ 'ಟಾಸ್ಕ್ ಮ್ಯಾನೇಜರ್' ತೆರೆಯುತ್ತದೆ. ಅದರಲ್ಲಿ ಸಂಸ್ಕಾರಕ, ಸ್ಮೃತಿ, ಡಿಸ್ಕ್ ಎಂಬ ಮೂರು ಅಂಕಣಗಳನ್ನು ನೋಡಿದೆವು. ಮೂರು ಸಲವೂ ಡಿಸ್ಕಿನ ಅಂಕಣದಲ್ಲಿ ಮೇಲೆ ಬಂದದ್ದು ಒಂದೇ ಹೆಸರು. ಅದು ಸೇವೆಯೇ ಆಗಿರಲಿಲ್ಲ. ಅವನೇ ಎಂದೋ ಹಾಕಿಕೊಂಡು ಮರೆತಿದ್ದ, ಛಾಯಾಚಿತ್ರಗಳನ್ನು ದೂರದ ಉಗ್ರಾಣಕ್ಕೆ ನಕಲು ಮಾಡುವ ಒಂದು ತಂತ್ರಾಂಶ. 'ಸ್ಟಾರ್ಟಪ್' ಪಟ್ಟಿಯಿಂದ ಅದೊಂದನ್ನು ತೆಗೆದು, ಯಂತ್ರವನ್ನು ಮತ್ತೆ ಆರಂಭಿಸಿ, ಅದೇ ದೃಶ್ಯವನ್ನು ಪುನಃ ಮೂರು ಸಲ ಆಡಿಸಿದೆವು. ಕಾರು ತಿರುವನ್ನು ದಾಟಿತು.