ಗುಡ್ಡೆಯೇ ನಮ್ಮ ಬಾವಿ

ಸೃಷ್ಟಿಯ ಕಾಲದ ಅಧ್ಯಯನ ಪಾಠ – ಯುವಜನರಿಗೆ ಮತ್ತು ವಾಳೆ ಕೂಟಗಳಿಗೆ
ಓದಬೇಕಾದ ವಾಕ್ಯಭಾಗ: ಆದಿಕಾಂಡ 26:15-22



ಸೆಪ್ಟೆಂಬರ್ 1ರಿಂದ ಅಸಿಸ್ಸಿಯ ಸಂತ ಫ್ರಾನ್ಸಿಸರ ಹಬ್ಬವಾದ ಅಕ್ಟೋಬರ್ 4ರವರೆಗೆ ಸೃಷ್ಟಿಯ ಕಾಲ. ಇದರ ನಡುವೆಯೇ, ಸೆಪ್ಟೆಂಬರ್ 8ರಂದು ನಮ್ಮ ತೆನೆಹಬ್ಬ. ಪರಿಸರ ಎಂದಾಗ ಶಾಲೆಯಲ್ಲಿ ನಾವೆಲ್ಲ ಅಮೆಜಾನ್ ಕಾಡು, ಹಿಮಕರಡಿಗಳ ಚಿತ್ರ ಅಂಟಿಸಿ ಚಾರ್ಟ್ ಮಾಡಿದವರು. ಈ ಸಲದ ಪಾಠಕ್ಕೆ ಅಷ್ಟು ದೂರ ಹೋಗುವುದು ಬೇಡ. ನಮ್ಮ ಇಗರ್ಜಿಯ ಹಿಂದಿನ ಗುಡ್ಡೆ ಸಾಕು.

ಕಳೆದ ಮಾರ್ಚ್ ತಿಂಗಳ ಕೊನೆಗೆ ಗುರುಗಳ ಮನೆಯ ಹಿಂದಿನ ಸುರಂಗದಲ್ಲಿ ನೀರು ಬರುವುದು ನಿಂತಿತು. ಮೇ ತಿಂಗಳಲ್ಲೂ ನೂಲಿನಷ್ಟು ಸಪುರವಾಗಿಯಾದರೂ ಹರಿಯುತ್ತಿತ್ತು, ಪೂರ್ತಿ ನಿಂತದ್ದು ತಮ್ಮ ನೆನಪಿನಲ್ಲಿ ಇಲ್ಲ ಎಂದು ಹಿರಿಯರು ಹೇಳಿದರು. ಪವಿತ್ರ ಗುರುವಾರದಂದು ಪಾದ ತೊಳೆಯುವ ವಿಧಿಗೆ ಟ್ಯಾಂಕರಿನಲ್ಲಿ ಬಂದ ನೀರನ್ನೇ ಬಳಸಿದೆವು. ಹನ್ನೆರಡು ಮಂದಿಯ ಪಾದ ತೊಳೆಯಲು ಎಷ್ಟು ನೀರು ಬೇಕು? ಒಂದು ಬಿಂದಿಗೆ. ಅಷ್ಟೂ ನಮ್ಮ ನೆಲದಲ್ಲಿ ಸಿಗಲಿಲ್ಲ. ಅಂದಿನಿಂದ ಯುವಜನರಾದ ನಾವು ಕೇಳಿ, ಓದಿ, ನಡೆದು ನೋಡಿ ತಿಳಿದದ್ದನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇವೆ.

1. ವಾಕ್ಯ ಏನು ಹೇಳುತ್ತದೆ?

ಅಬ್ರಹಾಮನ ಕಾಲದಲ್ಲಿ ಆಳುಗಳು ತೋಡಿದ್ದ ಬಾವಿಗಳನ್ನು ಫಿಲಿಷ್ಟಿಯರು ಮಣ್ಣು ಹಾಕಿ ಮುಚ್ಚಿದ್ದರು. ಮಗ ಇಸಾಕನು ಗೆರಾರಿನ ಕಣಿವೆಗೆ ಬಂದಾಗ ಮೊದಲು ಮಾಡಿದ ಕೆಲಸ ಆ ಹಳೆಯ ಬಾವಿಗಳನ್ನೇ ಮತ್ತೆ ತೋಡಿಸಿದ್ದು. ಅವುಗಳಿಗೆ ತಂದೆ ಇಟ್ಟಿದ್ದ ಹೆಸರುಗಳನ್ನೇ ಇಟ್ಟ. ಬಳಿಕ ಹೊಸ ಬಾವಿ ತೋಡಿದಾಗ ಅಲ್ಲಿನ ಕುರುಬರು ಜಗಳಕ್ಕೆ ಬಂದರು. ಎರಡನೆಯದಕ್ಕೂ ಜಗಳ. ಇಸಾಕನು ಎರಡನ್ನೂ ಬಿಟ್ಟುಕೊಟ್ಟು ಮುಂದೆ ಹೋದ. ಮೂರನೆಯದಕ್ಕೆ ಯಾರೂ ತಕರಾರು ಮಾಡಲಿಲ್ಲ. ಅದಕ್ಕೆ ‘ರೆಹೋಬೋತ್’, ಎಂದರೆ ‘ವಿಶಾಲ ಸ್ಥಳ’ ಎಂದು ಹೆಸರಿಟ್ಟ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸೋಣ. ಬಾವಿ ತೋಡಲು ಬಹಳ ಕಾಲ ಬೇಕು, ಮಣ್ಣು ಹಾಕಿ ಮುಚ್ಚಲು ಒಂದು ದಿನ ಸಾಕು. ಇನ್ನೊಂದು, ತಂದೆಯಿಂದ ಬಂದ ನೀರನ್ನು ಇಸಾಕನು ಬರೀ ಆಸ್ತಿ ಎಂದು ಎಣಿಸಲಿಲ್ಲ. ಅದನ್ನು ಉಳಿಸುವುದು ತನ್ನ ಕೆಲಸ ಎಂದುಕೊಂಡ. ಹೆಸರನ್ನು ಕೂಡ ಬದಲಿಸದಿರುವುದು ಅದಕ್ಕೇ.

2. ನಮ್ಮ ಬಾವಿ ಎಲ್ಲಿದೆ?

ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುತ್ತದೆ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಆ ಲೆಕ್ಕದಲ್ಲಿ ಒಂದು ಎಕರೆ ಗುಡ್ಡೆಯ ಮೇಲೆ ವರ್ಷಕ್ಕೆ ಸುಮಾರು 1 ಕೋಟಿ 40 ಲಕ್ಷ ಲೀಟರ್ ಬೀಳುತ್ತದೆ. ಕೇರಳದ 44 ನದಿಗಳಲ್ಲಿ 12 ನಮ್ಮ ಜಿಲ್ಲೆಯಲ್ಲಿವೆ. ಆದರೂ ಏಪ್ರಿಲ್‌ನಲ್ಲಿ ಟ್ಯಾಂಕರ್ ಬರುತ್ತದೆ. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದು ಮುಗಿಯುತ್ತದೆ. ನಮ್ಮ ನದಿಗಳು ಚಿಕ್ಕವು, ಸಮುದ್ರ ಹತ್ತಿರ. ಹಿಡಿದಿಡದ ನೀರು ಬೇಗನೆ ಕಡಲು ಸೇರುತ್ತದೆ.

ಹಿಡಿದಿಡುವುದು ಯಾರು? ಮುರಕಲ್ಲಿನ ಗುಡ್ಡೆ. ಪಠ್ಯಪುಸ್ತಕದಲ್ಲಿ ಇದನ್ನು ಜಂಬಿಟ್ಟಿಗೆ ಎನ್ನುತ್ತಾರೆ. 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರದಲ್ಲಿ ಕಂಡ ಈ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಲ್ಯಾಟಿನ್‌ನಲ್ಲಿ ‘ಲಾತೆರ್’ ಎಂದರೆ ಇಟ್ಟಿಗೆ. ಈ ಕಲ್ಲು ಒಂದು ದಿನದಲ್ಲಿ ಆದದ್ದಲ್ಲ. ಬಿಸಿಲು ಮಳೆಗಳ ಲಕ್ಷಾಂತರ ವರ್ಷಗಳಲ್ಲಿ ಮೂಲಬಂಡೆಯ ಸಿಲಿಕಾ, ಸುಣ್ಣ, ಪೊಟ್ಯಾಸಿಯಂ ಕರಗಿ ಹೋಗಿ, ಕಬ್ಬಿಣ ಮತ್ತು ಅಲ್ಯುಮಿನಿಯಂ ಅಂಶ ಉಳಿದು ಆದದ್ದು. ಕರಗಿ ಹೋದ ಜಾಗಗಳೇ ಅದರ ತೂತುಗಳು. ಇಗರ್ಜಿಯ ಆವರಣ ಗೋಡೆಯಲ್ಲಿ ಸಾರಣೆ ಬಿದ್ದುಹೋದ ಕಡೆ ಕಲ್ಲನ್ನು ನೋಡಿ, ಜೇನುಗೂಡಿನ ಹಾಗೆ ಕಾಣುತ್ತದೆ.

ಮಳೆನೀರು ಈ ತೂತುಗಳ ಮೂಲಕ ನಿಧಾನವಾಗಿ ಇಳಿಯುತ್ತದೆ. ಕೆಳಗೆ ನುಣುಪಾದ ಶೇಡಿ ಮಣ್ಣಿನ ಪದರ ಇದೆ. ಅದು ನೀರನ್ನು ಸುಲಭವಾಗಿ ಬಿಡುವುದಿಲ್ಲ. ಅಲ್ಲಿಗೆ ಬಂದ ನೀರು ಅಡ್ಡಲಾಗಿ ಹರಿದು ಗುಡ್ಡೆಯ ಬದಿಯಲ್ಲಿ ಒರತೆಯಾಗಿ ಹೊರಗೆ ಬರುತ್ತದೆ. ಜುಲೈಯಲ್ಲಿ ಬಿದ್ದ ಮಳೆ ನಮಗೆ ಫೆಬ್ರವರಿಯಲ್ಲಿ ಸಿಗುವುದು ಹೀಗೆ.

3. ಹಿರಿಯರು ತೋಡಿದ ಬಾವಿ

ನಮ್ಮ ಹಿರಿಯರು ಭೂವಿಜ್ಞಾನ ಓದಿದವರಲ್ಲ. ಆದರೆ ಈ ಗುಟ್ಟು ಅವರಿಗೆ ಗೊತ್ತಿತ್ತು. ಬಾಯಾರು, ಪೈವಳಿಕೆ, ಎಣ್ಮಕಜೆ, ಬದಿಯಡ್ಕದ ಕಡೆಗಳಲ್ಲೆಲ್ಲ ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದರು. ಒಬ್ಬ ಮನುಷ್ಯ ನುಗ್ಗುವಷ್ಟು ಅಗಲ, ಆಳೆತ್ತರ. ಕೆಲವು ಸುರಂಗಗಳು ಹತ್ತಾರು ಮೀಟರ್, ಕೆಲವು 200 ಮೀಟರಿಗೂ ಉದ್ದ. ಒಳಗೆ ಪಿಕ್ಕಾಸು ಹಿಡಿದು ಕೆಲಸ ಮಾಡುವವರು ಹತ್ತಿರ ಒಂದು ಮೇಣದ ಬತ್ತಿ ಹಚ್ಚಿಡುತ್ತಿದ್ದರು. ಬತ್ತಿ ನಂದಿದರೆ ಗಾಳಿ ಸಾಲದು ಎಂದು ತಿಳಿದು ಹೊರಗೆ ಬರುತ್ತಿದ್ದರು. ಒರತೆ ಸಿಕ್ಕಿದ ಮೇಲೆ ಪಂಪು ಬೇಡ, ಕರೆಂಟು ಬೇಡ. ನೀರು ಅಡಿಕೆ ಮರದ ದಂಬೆಯಲ್ಲಿ ತಾನಾಗಿ ಹರಿದು ಅಂಗಳದ ಟ್ಯಾಂಕಿಗೆ ಬೀಳುತ್ತಿತ್ತು. ಮಳೆ ಬಿಟ್ಟ ಮೇಲೆ ಊರವರು ಸೇರಿ ತೋಡಿಗೆ ಕಲ್ಲು, ಮಣ್ಣಿನ ಕಟ್ಟ ಕಟ್ಟುತ್ತಿದ್ದರು. ಏತಡ್ಕದಲ್ಲಿ ಕೃಷಿಕರು ಕಟ್ಟಗಳನ್ನು ಉಳಿಸಿಕೊಂಡು ಬಂದ ಕಥೆಯನ್ನು ನೀರಿನ ವಿಷಯದಲ್ಲಿ ಬರೆಯುವ ಪತ್ರಕರ್ತ ಶ್ರೀ ಪಡ್ರೆಯವರು ಹೊರಗಿನವರಿಗೂ ತಿಳಿಸಿದ್ದಾರೆ.

ಸುರಂಗದಲ್ಲಿ ಒಂದು ಶಿಸ್ತು ಇದೆ. ಗುಡ್ಡೆ ಕೊಟ್ಟಷ್ಟೇ ನೀರು ಸಿಗುತ್ತದೆ, ಎಳೆದು ತೆಗೆಯಲು ಆಗುವುದಿಲ್ಲ. ಕೊಳವೆಬಾವಿಗೆ ಆ ಶಿಸ್ತು ಇಲ್ಲ. ಆಳದ ಬಂಡೆಯ ಬಿರುಕುಗಳಲ್ಲಿ ನಿಧಾನವಾಗಿ ಸೇರಿದ ನೀರನ್ನು ಅದು ಬೇಗ ಬೇಗ ಎಳೆಯುತ್ತದೆ.

4. ಗುಡ್ಡೆ ಪಾಳು ಜಾಗವೇ?

ಏಪ್ರಿಲ್‌ನಲ್ಲಿ ಗುಡ್ಡೆಯ ಮೇಲೆ ನಿಂತರೆ ಕಾದ ಕಲ್ಲು, ಒಣ ಹುಲ್ಲು ಬಿಟ್ಟರೆ ಏನೂ ಕಾಣುವುದಿಲ್ಲ. ‘ಅಲ್ಲಿ ಏನುಂಟು, ಪಾಳು ಗುಡ್ಡೆ’ ಎಂದು ನಾವೂ ಹೇಳುತ್ತಿದ್ದೆವು. ಈಗ ಹೋಗಿ ನೋಡಿ. ಪಳ್ಳಗಳಲ್ಲಿ ನೀರು ತುಂಬಿದೆ, ಕಪ್ಪೆಗಳು ಕೂಗುತ್ತಿವೆ, ಕಲ್ಲಿನ ಮೇಲೆ ನೀಲಿ ಹೂವಿನ ಹಾಸು. ಮಲಯಾಳಿ ನೆರೆಯವರು ‘ಕಾಕ್ಕಪ್ಪೂ’ ಎಂದು ಓಣಂ ಪೂಕ್ಕಳಕ್ಕೆ ಕೊಯ್ಯುವುದು ಇದನ್ನೇ. ಕಲ್ಲಿನ ಮೇಲಿನ ಬಡ ಮಣ್ಣಿನಲ್ಲಿ ಸಾರ ಸಾಲದ್ದರಿಂದ ಈ ಪುಟ್ಟ ಗಿಡ ಸಣ್ಣ ಚೀಲಗಳಲ್ಲಿ ಸೂಕ್ಷ್ಮ ಜೀವಿಗಳನ್ನು ಹಿಡಿದು ಬದುಕುತ್ತದೆ. ಮೊಂತಿ ಹಬ್ಬದ ನವೇನದ ಒಂಬತ್ತು ದಿನ ಬಾಲೆ ಮರಿಯಮ್ಮನಿಗೆ ನಮ್ಮ ಮಕ್ಕಳು ಅರ್ಪಿಸುವ ಹೂವುಗಳಲ್ಲೂ ಗುಡ್ಡೆಯ ಹೂವು ಇರುತ್ತದೆ. ಒಂದೇ ಗುಡ್ಡೆ, ಎರಡು ಮನೆಗಳ ಹಬ್ಬ.

ಮೇಲೆ ಮಾಡಿದ್ದು ಕೆಳಗೆ ಬಂದೇ ಬರುತ್ತದೆ. ಇದನ್ನು ನಮ್ಮ ಜಿಲ್ಲೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗೇರು ತೋಟದ ಗುಡ್ಡೆಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ದೇಶದಲ್ಲಿ ಅದಕ್ಕೆ ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರಲ್ಲಿ. ಗುಡ್ಡೆಯ ಬುಡದ ಮನೆಗಳು ಅನುಭವಿಸಿದ ದುಃಖ ಇವತ್ತಿಗೂ ಮುಗಿದಿಲ್ಲ.

ಕಲ್ಲಿನ ಕೋರೆಯಲ್ಲಿ ವಿಷ ಇಲ್ಲ, ನಿಜ. ಆದರೆ ಕಲ್ಲು ಹೋದರೆ ನೀರು ಹಿಡಿಯುವ ಪದರವೇ ಹೋಯಿತು. ‘ಕೋರೆ ಹೊಂಡದಲ್ಲಿ ನೀರು ನಿಲ್ಲುತ್ತದಲ್ಲ?’ ಎಂದು ಒಬ್ಬ ಹಿರಿಯರು ಕೇಳಿದರು. ಒಳ್ಳೆಯ ಪ್ರಶ್ನೆ. ತಳ ಶೇಡಿಯ ತನಕ ಮುಟ್ಟಿದರೆ ನೀರು ಇಳಿಯಲು ಜಾಗ ಇಲ್ಲದೆ ಅಲ್ಲೇ ನಿಲ್ಲುತ್ತದೆ. ಕಲ್ಲಿನೊಳಗೆ ತಂಪಾಗಿ ಕುಳಿತಿರಬೇಕಾದ ನೀರು ಬಿಸಿಲಿಗೆ ಆವಿಯಾಗಿ ಹೋಗುತ್ತದೆ. ಗುಡ್ಡೆಯನ್ನು ನೇರವಾಗಿ ಕಡಿದು ಶೇಡಿಯನ್ನು ತೆರೆದಿಟ್ಟರೆ, ಮಳೆಗಾಲದಲ್ಲಿ ಅದು ನೆನೆದು ಜಾರುವ ಅಪಾಯವೂ ಇದೆ.

5. ನಮ್ಮ ಮುಂದಿರುವ ಪ್ರಶ್ನೆ

ಇದನ್ನೆಲ್ಲ ಈಗಲೇ ಬರೆಯಲು ಕಾರಣ ಇದೆ. ಇಗರ್ಜಿಯ ಹಿಂದಿನ ಗುಡ್ಡೆಯಲ್ಲಿ ಜಾಗವಿರುವ ನಮ್ಮದೇ ಧರ್ಮಕೇಂದ್ರದ ಒಂದು ಕುಟುಂಬವನ್ನು ಕಲ್ಲು ತೆಗೆಯಲು ಗೇಣಿಗೆ ಕೊಡಿ ಎಂದು ಕೇಳಿದ್ದಾರೆ. ಆ ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ. ಮಗಳ ನರ್ಸಿಂಗ್ ಓದಿನ ಸಾಲ ಅವರ ತಲೆಯ ಮೇಲಿದೆ. ತೆನೆಹಬ್ಬ ಕಳೆದ ಮೇಲೆ ಉತ್ತರ ಹೇಳುತ್ತೇವೆ ಎಂದಿದ್ದಾರೆ.

ಅವರ ಮೇಲೆ ಬೆರಳು ತೋರಿಸುವ ಹಕ್ಕು ನಮಗಿಲ್ಲ. ನಮ್ಮ ಇಗರ್ಜಿ, ನಮ್ಮ ಮನೆಗಳು, ನಾವು ಓದಿದ ಶಾಲೆ ಎಲ್ಲ ಮುರಕಲ್ಲಿನದೇ. ಯಾವುದೋ ಗುಡ್ಡೆ ನಮಗಾಗಿ ಬರಿದಾಗಿದೆ. ಆದ್ದರಿಂದ ‘ಕೊಡಬೇಡಿ’ ಎಂದು ಹೇಳಿ ಮನೆಗೆ ಹೋಗುವುದು ನ್ಯಾಯವಲ್ಲ. ಆ ಗುಡ್ಡೆಯ ನೀರು ಬೈಲಿನ ಎಲ್ಲ ಮನೆಗಳಿಗೆ ಸಲ್ಲುತ್ತದೆ ಎಂದಾದರೆ, ಅದನ್ನು ಉಳಿಸುವ ಭಾರವೂ ಎಲ್ಲ ಮನೆಗಳಿಗೆ ಸೇರಿದ್ದು. ಜಗದ್ಗುರು ಫ್ರಾನ್ಸಿಸರು 2015ರ ‘ಲಾವ್ದಾತೊ ಸಿ’ ವಿಶ್ವಪತ್ರದಲ್ಲಿ ಶುದ್ಧ ಕುಡಿಯುವ ನೀರು ಪ್ರತಿಯೊಬ್ಬರ ಮೂಲಭೂತ ಹಕ್ಕು ಎಂದು ಕಲಿಸಿದರು. ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಒಟ್ಟಿಗೆ ಕೇಳಬೇಕು ಎಂದರು. ನಮ್ಮಲ್ಲಿ ಅವೆರಡೂ ಒಂದೇ ಗುಡ್ಡೆಯಿಂದ ಕೇಳಿಸುತ್ತಿವೆ.

ನಮ್ಮ ಸೂಚನೆ ಎರಡು. ಮೊದಲನೆಯದು, ಈ ವರ್ಷದ ಹಬ್ಬದ ಕಾಣಿಕೆಯ ಒಂದು ಭಾಗವನ್ನು ವಿದ್ಯಾನಿಧಿಗೆ ಸೇರಿಸಿ ಆ ಮಗಳ ಓದಿಗೆ ಕೈಜೋಡಿಸುವುದು. ಎರಡನೆಯದು, ಇಗರ್ಜಿಯ ಅಂಗಳಕ್ಕೆ ಪೂರ್ತಿ ಇಂಟರ್‌ಲಾಕ್ ಹಾಕುವ ಯೋಜನೆಯನ್ನು ಮತ್ತೊಮ್ಮೆ ಯೋಚಿಸುವುದು. ನಡೆಯುವ ದಾರಿಗೆ ಹಾಕೋಣ, ಉಳಿದ ಮಣ್ಣು ತೆರೆದೇ ಇರಲಿ. ಮಾಡಿನ ನೀರನ್ನು ಇಂಗುಗುಂಡಿಗೆ ಬಿಡೋಣ. ಗುಂಡಿ ತೋಡುವ ಕೆಲಸ ಯುವಜನರದ್ದು.

ಇಸಾಕನಿಗೆ ಜಗಳವಾದ ಬಾವಿ ಬಿಟ್ಟು ಮುಂದೆ ಹೋಗಲು ಜಾಗ ಇತ್ತು. ನಮಗೆ ಇನ್ನೊಂದು ಗುಡ್ಡೆ ಇಲ್ಲ. ನಮ್ಮ ರೆಹೋಬೋತ್ ಇಲ್ಲೇ ಆಗಬೇಕು.

ವಾಳೆ ಕೂಟಗಳಲ್ಲಿ ಚರ್ಚೆಗೆ

1. ನಿಮ್ಮ ಮನೆಯ ಬಾವಿ ಅಥವಾ ಸುರಂಗವನ್ನು ಯಾರು ತೋಡಿದರು? ಅದಕ್ಕೆ ಹೆಸರು ಇತ್ತೇ?
2. ಇಪ್ಪತ್ತು ವರ್ಷಗಳ ಹಿಂದೆ ನೀರು ಯಾವ ತಿಂಗಳಿನವರೆಗೆ ಇರುತ್ತಿತ್ತು? ಈಗ?
3. ಕಳೆದ ವರ್ಷ ತೆನೆಹಬ್ಬದ ತೆನೆ ನಮ್ಮ ಬೈಲಿನಲ್ಲಿ ಸಾಕಾಗದೆ ದೂರದಿಂದ ತರಬೇಕಾಯಿತು. ಏಕೆ?
4. ಒಂದು ಮನೆಯ ಕಷ್ಟ ಮತ್ತು ಹಲವು ಮನೆಗಳ ನೀರು ಎದುರುಬದುರಾದಾಗ ಕ್ರೈಸ್ತರಾದ ನಾವು ಏನು ಮಾಡಬೇಕು?

ಈ ತಿಂಗಳ ಕೆಲಸ: ಪ್ರತಿ ವಾಳೆಯ ಯುವಜನರು ಹಿರಿಯರ ಜೊತೆ ನಡೆದು, ತಮ್ಮ ವಾಳೆಯ ಸುರಂಗ, ಪಳ್ಳ, ಕಟ್ಟದ ಜಾಗಗಳನ್ನು ಅವುಗಳ ಹಳೆಯ ಹೆಸರಿನೊಂದಿಗೆ ಬರೆದು ಗುರಿಕಾರರಿಗೆ ಕೊಡಬೇಕು. ಸುರಂಗದ ಒಳಗೆ ಯಾರೂ ಹೋಗಬಾರದು.

ಪ್ರಾರ್ಥನೆ: ಸೃಷ್ಟಿಕರ್ತರಾದ ದೇವರೇ, ಕಲ್ಲಿನೊಳಗೆ ನಮಗಾಗಿ ನೀರು ಇಟ್ಟವರು ನೀವು. ಹಿರಿಯರು ಕಷ್ಟಪಟ್ಟು ತೋಡಿದ್ದನ್ನು ನಾವು ಮುಚ್ಚದಂತೆ ಕಾಪಾಡಿರಿ. ಕಷ್ಟದಲ್ಲಿರುವ ನೆರೆಯವರನ್ನು ಒಂಟಿಯಾಗಿ ಬಿಡದ ಮನಸ್ಸನ್ನು ಕೊಡಿರಿ. ನಮ್ಮ ಮಕ್ಕಳಿಗೂ ಈ ಗುಡ್ಡೆಯ ಹೂವು, ಈ ಬೈಲಿನ ತೆನೆ, ಈ ನೆಲದ ನೀರು ಸಿಗಲಿ. ಆಮೆನ್.

– ಧರ್ಮಕೇಂದ್ರದ ಯುವಜನರ ಪರವಾಗಿ, ಯುವ ಸಂಚಾಲಕರು