ಗಾಜಿನ ತೊಟ್ಟಿಯ ಮೀನು ತಲೆಕೆಳಗಾಗಿ ಈಸಿದರೆ

ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಸರಕಾರದ ಮತ್ಸ್ಯಾಲಯವು 1983ರಲ್ಲಿ ಆರಂಭವಾಯಿತು. ಅಂಥಲ್ಲಿ ಮಾತ್ರ ನೋಡಸಿಗುತ್ತಿದ್ದ ಬಣ್ಣದ ಮೀನುಗಳು ಈಗ ಲೋಕಾಪುರ, ಮುಧೋಳದ ಮನೆಗಳಿಗೂ ಬಂದಿರುವವು. ಮೀನು ನರಳಲಾರದು, ತನ್ನ ಬೇನೆಯನ್ನು ಈಸುವ ರೀತಿಯಿಂದಲೇ ತಿಳಿಸುವದು. ಆ ಭಾಷೆಯನ್ನು ಅರಿಯದೆ ಮಕ್ಕಳು ಅಂಗಡಿಯವನು ಕೊಟ್ಟ ನೀಲಿ ಔಷಧವನ್ನು ತೊಟ್ಟಿಗೆ ಸುರುವಿ ಮರುದಿನ ಅಳುವದುಂಟು. ಆದಕಾರಣ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪಾಲಕರಿಗೂ ಈ ವಿಷಯವನ್ನು ಅರಿಕೆ ಮಾಡುತ್ತೇನೆ.

ಮೊದಲು ಆಯಾ ಜಾತಿಯ ಸ್ವಭಾವವನ್ನು ತಿಳಿಯತಕ್ಕದ್ದು. ಗೌರಾಮಿ, ಕಾಳಗದ ಮೀನು ಇವು ಮೇಲೆ ಬಂದು ಗಾಳಿ ನುಂಗುವದು ರೋಗವಲ್ಲ. ಆಫ್ರಿಕೆಯ ಒಂದು ಮೀಸೆಮೀನಂತೂ ಹುಟ್ಟುಗುಣದಿಂದಲೇ ಹೊಟ್ಟೆ ಮೇಲೆ ಮಾಡಿ ಈಸುವದು. ಆದರೆ ಚಿನ್ನದ ಮೀನು ಹಾಗೆ ಮಾಡಿದರೆ ಅದು ಕಾಯಿಲೆಯೇ ಸರಿ.

ಮೀನಿನ ಬೆನ್ನೆಲುಬಿನ ಕೆಳಗೆ ಗಾಳಿಚೀಲವೊಂದಿರುವದು. ಅದರ ಬಲದಿಂದಲೇ ಮೀನು ಮುಳುಗದೆ, ತೇಲದೆ ನಡುನೀರಿನಲ್ಲಿ ನಿಲ್ಲುವದು. ಚಿನ್ನದ ಮೀನಿನಲ್ಲಿ ಈ ಚೀಲಕ್ಕೂ ಅನ್ನನಾಳಕ್ಕೂ ಸಣ್ಣ ನಳಿಗೆಯ ಸಂಬಂಧವುಂಟು. ಮನುಷ್ಯರು ಅಂದಕ್ಕಾಗಿ ಗುಂಡಗೆ ಬೆಳೆಸಿದ ಒರಾಂಡಾ ಮುಂತಾದ ತಳಿಗಳಲ್ಲಿ ಹೊಟ್ಟೆಯು ಇಕ್ಕಟ್ಟಾಗಿರುವದರಿಂದ, ಉಬ್ಬಿದ ಕರುಳು ಚೀಲವನ್ನು ಒತ್ತುವದು. ಮೀನು ವಾಲುವದು, ಇಲ್ಲವೆ ತೇಲುವದು. ನನ್ನ ಮಟ್ಟಿಗೆ ಇಂಥ ತಳಿಯನ್ನು ಮಕ್ಕಳಿಗೆ ಕೊಡಿಸದಿರುವದೇ ಒಳಿತು. ಎರಡು ಮೂರು ದಿನ ಆಹಾರವನ್ನು ನಿಲ್ಲಿಸಿ, ಅನಂತರ ಬೇಯಿಸಿ ಸಿಪ್ಪೆ ಸುಲಿದ ಹಸಿ ವಟಾಣಿಯ ಚೂರನ್ನು ಕೊಡಬೇಕು. ಒಣ ಗುಳಿಗೆಗಳನ್ನು ಮುಂದೆ ಯಾವಾಗಲೂ ನೆನೆಯಿಸಿಯೇ ಹಾಕಬೇಕು.

ಆದರೆ ಬಹಳ ಮಟ್ಟಿಗೆ ದೋಷವು ಮೀನಿನಲ್ಲಿರದೆ ನೀರಿನಲ್ಲಿರುವದು. ಎಲ್ಲ ಮೀನುಗಳೂ ಏಕಕಾಲಕ್ಕೆ ಮೇಲೇರಿ ಬಾಯಿ ತೆರೆಯುತ್ತಿದ್ದರೆ ಔಷಧದ ಯೋಚನೆಯನ್ನು ಬಿಡಿರಿ. ನೀರು ಬೆಚ್ಚಗಾದಷ್ಟೂ ಅದರಲ್ಲಿ ಪ್ರಾಣವಾಯು ಕಡಿಮೆಯಾಗುವದು: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಮು ಹಿಡಿಯುವ ನೀರು 30 ಡಿಗ್ರಿಯಲ್ಲಿ ಏಳೂವರೆಯಷ್ಟನ್ನೇ ಹಿಡಿಯುವದು. ನಮ್ಮ ಕಡೆಯ ವೈಶಾಖದ ಬಿಸಿಲನ್ನು ನೆನೆಯಿರಿ. ಕರೆಂಟು ಹೋಗಿ ಗಾಳಿಯಂತ್ರ ನಿಂತಾಗ, ತಂಬಿಗೆಯಿಂದ ನೀರನ್ನೆತ್ತಿ ತುಸು ಮೇಲಿನಿಂದ ಮತ್ತೆ ತೊಟ್ಟಿಗೇ ಹೊಯ್ಯುತ್ತಿದ್ದರೆ ಗಾಳಿ ಬೆರೆಯುವದು.

ಮೀನಿನ ಕಿವಿರು ಮತ್ತು ಮಲದಿಂದ ಅಮೋನಿಯಾ ಎಂಬ ವಿಷವು ನೀರಿಗೆ ಸೇರುವದು. ಅದನ್ನು ನೈಟ್ರೈಟ್, ಬಳಿಕ ನೈಟ್ರೇಟ್ ಆಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಹೊಸ ತೊಟ್ಟಿಯಲ್ಲಿ ನೆಲೆಗೊಳ್ಳಲು ನಾಲ್ಕಾರು ವಾರ ಬೇಕು. ಇಲ್ಲಿ ಲೋಕಾಪುರದವರಿಗೆ ಒಂದು ವಿಶೇಷ ಎಚ್ಚರಿಕೆಯುಂಟು. ನಮ್ಮ ನೆಲದಡಿಯಲ್ಲಿರುವದು ಸುಣ್ಣದ ಕಲ್ಲು. ಅಂಥ ನೆಲದ ಬಾವಿಯ ನೀರು ಗಡುಸಾಗಿ ಕ್ಷಾರದ ಕಡೆಗಿರುವದು. ನೀರಿನ ಪಿ.ಎಚ್. 7ರಿಂದ 8ಕ್ಕೇರಿದರೆ ಅಮೋನಿಯಾದ ವಿಷರೂಪದ ಪಾಲು ಸುಮಾರು ಹತ್ತು ಪಟ್ಟಾಗುವದು! ಹೀಗಿರಲು ಮೀನಿನ ಸಂಖ್ಯೆ ಕಡಿಮೆಯಿರಲಿ, ಉಳಿದ ಆಹಾರವನ್ನು ತೆಗೆದುಬಿಡಿರಿ, ಕಾಲು ಭಾಗದಷ್ಟು ನೀರನ್ನು ವಾರಕ್ಕೊಮ್ಮೆ ಬದಲಿಸಿರಿ. ಮೀನು ತತ್ತರಿಸುವಾಗ ದಿನವೂ ಬದಲಿಸಿದರೂ ಸರಿಯೇ. ಆದರೆ ತೊಟ್ಟಿಯನ್ನು ಬರಿದುಮಾಡಿ, ಮರಳನ್ನೂ ಜಾಳಿಗೆಯನ್ನೂ ನಳದ ನೀರಿನಿಂದ ತಿಕ್ಕಿ ತೊಳೆಯುವ ನಮ್ಮ ಗೃಹಿಣಿಯರ ಅಚ್ಚುಕಟ್ಟುತನವು ಆ ಉಪಕಾರಿ ಜೀವಿಗಳನ್ನೇ ಕೊಲ್ಲುವದು. ಕ್ಲೋರಿನ್ ಬೆರೆಸಿದ ನಳದ ನೀರನ್ನು ಅಗಲವಾದ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ಉಪಯೋಗಿಸತಕ್ಕದ್ದು.

ಮೀನು ಥಟ್ಟನೆ ಓಡಿ ಕಲ್ಲಿಗೆ ಮೈಯುಜ್ಜಿಕೊಂಡರೆ ಚರ್ಮದ ಮೇಲೆ ಪರೋಪಜೀವಿಗಳಿವೆಯೆಂದು ಶಂಕಿಸಬೇಕು. ಉಪ್ಪಿನ ಹರಳಿನಂಥ ಬಿಳಿಯ ಚುಕ್ಕೆಗಳು ಕಂಡರೆ ಅದು ಬಿಳಿಚುಕ್ಕೆ ರೋಗ. ಮೈಮೇಲಿನ ಚುಕ್ಕೆಗೆ ಔಷಧವು ತಾಕದು. ಆ ಜೀವಿಯು ಉದುರಿ, ಒಡೆದು, ಮರಿಗಳು ನೀರಿನಲ್ಲಿ ಈಸುವಾಗ ಮಾತ್ರ ಸಾಯುವದು. ಆದುದರಿಂದ ಚುಕ್ಕೆ ಮಾಯವಾದೊಡನೆ ಚಿಕಿತ್ಸೆಯನ್ನು ನಿಲ್ಲಿಸದೆ ಮತ್ತೂ ಕೆಲವು ದಿನ ನಡೆಸಬೇಕು. ಹೊಸ ಮೀನನ್ನು ಮೂರು ವಾರ ಬೇರೆ ಪಾತ್ರೆಯಲ್ಲಿರಿಸಿದರೆ ಈ ತೊಂದರೆಯು ಬಹುಮಟ್ಟಿಗೆ ತಪ್ಪುವದು.

ಇಷ್ಟಾದರೂ ಕೆಲವು ಮೀನುಗಳು ನೆಟ್ಟಗಾಗವು. ಹುಟ್ಟಿನಿಂದ ಚೀಲವು ಸೊಟ್ಟಗಿದ್ದರೆ ವಟಾಣಿಯೇನು ಮಾಡೀತು? ಅಂಥದು ತಿನ್ನುತ್ತಿದ್ದರೆ ತಗ್ಗು ನೀರಿನಲ್ಲಿಟ್ಟು, ಕೈಯಿಂದಲೇ ತಿನ್ನಿಸಿ ಸಾಕಬಹುದು. ಕನಿಕರದಿಂದಾದರೂ ಅದನ್ನು ಘಟಪ್ರಭೆಗೆ ಬಿಡಬೇಡಿರಿ. ತೊಟ್ಟಿಯ ರೋಗವು ಹೊಳೆಯ ಮೀನುಗಳಿಗೆ ಅಂಟಬಹುದು.